ಸಂಪಿಗೆ ಗಿಡಕ್ಕೆ ಹೇಳು

ನಾನು ಹುಟ್ಟಿದ್ದು ಬಾದಾಮಿಯಲ್ಲಿ. ಬಾಯಿ ಜೋರು ಎಂದು ಹೆಸರು ಪಡೆದದ್ದೂ ಅಲ್ಲಿಯೇ. ಹೊಂಡದ ಮೆಟ್ಟಿಲ ಮೇಲೆ ಕೂತು ಕೊಡ ತಿಕ್ಕುತ್ತ ನಾನು ಮಾತಿಗೆ ನಿಂತರೆ, ಆಚೆ ದಂಡೆಯ ಕೆಂಪು ಬಂಡೆಗೆ ಬಡಿದು ನನ್ನ ಮಾತು ನನಗೇ ಹೊಳ್ಳಿ ಬರುತ್ತಿತ್ತು. "ಈಕಿ ಗಂಡನ ಮನಿಯಾಗ ಹೆಂಗ ಬಾಳ್ವಿ ಮಾಡ್ತಾಳೋ" ಎಂದು ಅವ್ವ ದಿನಕ್ಕೆ ನಾಲ್ಕು ಸಲ ಹಣೆ ಬಡಿದುಕೊಳ್ಳುತ್ತಿದ್ದಳು. ಅಪ್ಪ ಮಾತ್ರ ನಗುತ್ತಿದ್ದ. ಹೆಣ್ಣುಮಕ್ಕಳ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ನನ್ನನ್ನು ಓದಿಸಿದವನೂ ಅವನೇ. ಆ ನಾಲ್ಕು ಇಯತ್ತೆಯ ಪುಣ್ಯದಿಂದಲೇ ಈ ಮುಪ್ಪಿನಲ್ಲಿ ಕನ್ನಡಕ ಏರಿಸಿಕೊಂಡು ಇದನ್ನು ಬರೆಯುತ್ತ ಕೂತಿದ್ದೇನೆ.

ಲಗ್ನವಾಗಿ ಇಳಕಲ್ಲಿಗೆ ಬಂದಾಗ ನನಗೆ ಹದಿನೈದು ತುಂಬಿತ್ತು. ನೇಕಾರರ ಮನೆ. ಪಡಸಾಲೆಯಲ್ಲಿ ನಾಲ್ಕು ಕುಣಿ ಮಗ್ಗ. ಕುಣಿ ಮಗ್ಗವೆಂದರೆ ನೆಲದಲ್ಲಿ ಮೊಳಕಾಲುದ್ದದ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ತುಳಿಗೆಯನ್ನು ಪಾದದಿಂದ ಒತ್ತುತ್ತ ನೇಯುವ ಮಗ್ಗ. ಬೆಳಗಿನಿಂದ ದೀಪ ಹಚ್ಚುವ ತನಕ ಅವುಗಳ ಸಪ್ಪಳ. ಹಿತ್ತಿಲಲ್ಲಿ ಒಂದು ಸಂಪಿಗೆ ಗಿಡ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ನನ್ನ ಅತ್ತೆಯ ಅತ್ತೆ ಹಚ್ಚಿದ್ದಂತೆ. ಇಬ್ಬರು ಕೈ ಚಾಚಿದರೂ ತಬ್ಬಲಿಕ್ಕಾಗದಷ್ಟು ದಪ್ಪಗಿತ್ತು. ಹೂ ಬಿಟ್ಟ ದಿನಗಳಲ್ಲಿ ಅದರ ವಾಸನೆ ನೂಲಿಗೆಲ್ಲ ಹಿಡಿಯುತ್ತಿತ್ತು. ನೇಯ್ದಿಟ್ಟ ಪ್ರತಿ ಸೀರೆಯ ಮಡಿಕೆಯಲ್ಲಿ ಅತ್ತೆ ಒಂದು ಹೂ ಇಟ್ಟು ಕಳಿಸುತ್ತಿದ್ದರು.

ಬಂದ ಮೂರನೆಯ ದಿನ ಅತ್ತೆ ನನ್ನನ್ನು ಅಡಿಗೆ ಮನೆಯಲ್ಲಿ ಕೂಡಿಸಿಕೊಂಡು ಮನೆಯ ರೀತಿ ಹೇಳಿಕೊಟ್ಟರು.

"ಈ ಮನಿಯಾಗ ಸೊಸಿ ಮಾವನ ಮುಂದ ನಿಂತು ಮಾತಾಡೂ ಪದ್ಧತಿ ಇಲ್ಲವಾ. ಅವರೂ ನಿನ್ನ ಕೂಡ ಮಾತಾಡೂದಿಲ್ಲ."

"ಮತ್ತ ಏನರ ಹೇಳೂದಿದ್ರ?"

"ಗಿಡಕ್ಕ ಹೇಳು."

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಮುಖದಲ್ಲಿ ನಗುವೇ ಇರಲಿಲ್ಲ. "ನಾನೂ ಹಂಗ ಹೇಳೇನಿ. ನಮ್ಮತ್ತಿ ಗಿಡ ಹಚ್ಚಿದ್ದ ಅದಕ್ಕ ಏನೋ, ಯಾರಿಗೆ ಗೊತ್ತು" ಎಂದು ಹೇಳಿ ಹಿಟ್ಟು ನಾದಲು ಹತ್ತಿದರು.

ಮಾವನವರು ದಿನಾ ಊಟವಾದ ಮೇಲೆ ಹಿತ್ತಿಲಿಗೆ ಬಂದು, ಗಿಡಕ್ಕೆ ಬೆನ್ನು ಕೊಟ್ಟು ಕೂತು ಅಡಿಕೆ ಕತ್ತರಿಸುತ್ತಿದ್ದರು. ಬೆಳ್ಳಿ ಮೀಸೆ, ಮಾತು ಕಡಿಮೆ, ಸಿಟ್ಟು ಹೆಚ್ಚು. ನಾನು ಅಡಿಗೆ ಮನೆಯ ಬಾಗಿಲ ಹಿಂದೆ ಸೆರಗು ಎಳೆದುಕೊಂಡು ನಿಲ್ಲಬೇಕು. ಮೊದಲ ವರ್ಷ ಪಂಚಮಿ ಹತ್ತಿರ ಬಂತು. ತವರಿಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ತಡೆಯಲಾರದೆ ಬಾಗಿಲ ಹಿಂದಿನಿಂದಲೇ ಬಾಯಿ ತೆರೆದೆ.

"ಸಂಪಗಿ ಗಿಡಾ, ಪಂಚಮಿ ಬಂತು. ಬಾದಾಮ್ಯಾಗ ನಮ್ಮವ್ವ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ ದಾರಿ ಕಾಯಾಕ ಹತ್ಯಾಳ. ನನಗೂ ಜೋಕಾಲಿ ಆಡಬೇಕಂತ ಭಾಳ ಆಗೇತಿ."

ಅಡಿಕೆ ಕತ್ತರಿಯ ಸಪ್ಪಳ ನಿಂತಿತು. ಮಾವನವರು ಗಂಟಲು ಸರಿ ಮಾಡಿಕೊಂಡು, ನನ್ನ ಕಡೆ ತಿರುಗದೆ ಗಿಡಕ್ಕೇ ಹೇಳಿದರು: "ನಾಳೆ ನಸುಕಿನ್ಯಾಗ ಬಾದಾಮಿ ಕಡೆ ಒಂದು ಗಾಡಿ ಹೊಂಟೈತಂತ. ಹೋಗಾವ್ರು ಬುತ್ತಿ ಕಟಗೊಂಡು ತಯಾರ ಇರಬೇಕಂತ."

ಮರುದಿನ ನಸುಕಿಗೆ ಬಾಗಿಲ ಮುಂದೆ ಗಾಡಿ ನಿಂತಿತ್ತು. ಎರಡು ದಿನದ ದಾರಿಯುದ್ದಕ್ಕೂ, ಐಹೊಳೆ ದಾಟಿ ಬಾದಾಮಿಯ ಬಂಡೆ ಕಣ್ಣಿಗೆ ಬೀಳುವ ತನಕ, ನಾನು ಆ ಗಿಡದ ಗುಣಗಾನ ಮಾಡಿದೆ. ಗಾಡಿ ಹೊಡೆಯುವವನಿಗೆ ತಲೆ ಚಿಟ್ಟು ಹಿಡಿದಿರಬೇಕು.

ಅಲ್ಲಿಂದ ಮುಂದೆ ನನಗೆ ತಡೆಯೇ ಇಲ್ಲ. ಉಪ್ಪು ತೀರಿದ್ದು, ಎಮ್ಮೆ ಒದ್ದದ್ದು, ಪಕ್ಕದ ಮನೆಯವರು ನಮ್ಮ ಬಚ್ಚಲ ನೀರಿನ ಬಗ್ಗೆ ಆಡಿದ್ದು, ಎಲ್ಲವೂ ಗಿಡಕ್ಕೆ. ನನ್ನ ಗಂಡ ಊಟಕ್ಕೆ ಕರೆದರೂ ಏಳದೆ ಮಗ್ಗದಲ್ಲೇ ಕೂಡುತ್ತಾರೆ ಎಂದು ಒಂದು ದಿನ ಗಿಡಕ್ಕೆ ಹೇಳಿದೆ. ಮಾವನವರು ಎದ್ದು ಹೋಗಿ ಅವರನ್ನು ಚೆನ್ನಾಗಿ ಬೈದರು. "ಗಿಡದ ಮುಂದ ಚಾಡಿ ಹೇಳ್ತೀಯಲ್ಲ, ನಿನಗ ನಾಚಿಕಿ ಆಗೂದಿಲ್ಲ?" ಎಂದು ನನ್ನವರು ನನ್ನನ್ನು ಕಾಡಿದರು. ನನಗೆ ಖಂಡಿತ ನಾಚಿಕೆ ಆಗಿರಲಿಲ್ಲ. ಮಾವನವರೂ ಗಿಡದ ಜೊತೆ ಮೊದಲಿಗಿಂತ ಹೆಚ್ಚು ಮಾತಾಡತೊಡಗಿದ್ದರು. ಬಾಗಲಕೋಟೆಯಿಂದ ಬಂದ ನೂಲು ಈ ಸಲ ಹುರಿ ಇಲ್ಲದ್ದು, ತಮ್ಮ ಮೊಳಕಾಲು ನೋಯುತ್ತದೆ, ನಿನ್ನೆಯ ಬದನೆಕಾಯಿ ಪಲ್ಯ ಬಾಯಿಗೆ ಹತ್ತಿತು ಎಂದೆಲ್ಲ ಹೇಳುತ್ತಿದ್ದರು. ಆ ಪಲ್ಯ ಮಾಡಿದವಳು ನಾನು ಎನ್ನುವುದು ಗಿಡಕ್ಕೂ ಗೊತ್ತಿತ್ತು.

ನಾಲ್ಕನೆಯ ವರ್ಷ ಮಾವನವರು ಮಗ್ಗ ಬಿಟ್ಟರು. ಕಣ್ಣಿಗೆ ಎಳೆ ಕಾಣದಾಗಿತ್ತು. ಸುಮ್ಮನೆ ಕೂಡುವ ಜೀವವಲ್ಲ. "ಹುಟ್ಟಿದಾಗಿಂದ ಕುಣಿಯಾಗ ಕಾಲು ಬಿಟ್ಟು ತಗ್ಗಿನ್ಯಾಗ ಕೂತೇನಿ. ಇನ್ನ ಎತ್ತರದಾಗ ಕೂಡ್ತೇನಿ" ಎಂದು ಗಿಡಕ್ಕೆ ಹೇಳಿ, ಅದರ ಸುತ್ತ ಕಟ್ಟೆ ಕಟ್ಟಲು ಶುರು ಮಾಡಿದರು. ಇಳಕಲ್ಲಿನದೇ ಕೆಂಪು ಕಲ್ಲು ಗಾಡಿಯಲ್ಲಿ ಬಂತು. ಒಬ್ಬ ಕಲ್ಲುಕುಟಿಗನನ್ನು ಜೊತೆಗಿಟ್ಟುಕೊಂಡು, ಒಂದೊಂದು ಕಲ್ಲನ್ನೂ ತಾವೇ ಎತ್ತಿ ಕೂಡಿಸಿದರು. ಸೊಂಟದೆತ್ತರ ಕಟ್ಟಿ, ಒಳಗೆ ಎರೆಮಣ್ಣು ತುಂಬಿ ತುಳಿದು, ಮೇಲೆ ಗಚ್ಚು ಬಡಿದರು. ಗಿಡದ ಬುಡದ ಸುತ್ತ ನೀರು ಹಾಕಲು ಒಂದು ಗೇಣು ಜಾಗ ಗಚ್ಚಿಲ್ಲದೆ ಬಿಟ್ಟರು. ಕಟ್ಟೆ ನೋಡಲು ಓಣಿಯ ಜನವೆಲ್ಲ ಬಂದರು. ಮಾವನವರು ಅದರ ಮೇಲೆ ಕಾಲು ಮಡಚಿ ಕೂತರೆ ಗುಡಿಯಲ್ಲಿ ಮೂರ್ತಿ ಕೂತಂತೆ ಕಾಣುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊಗಳಿದವಳು ನಾನೇ. ಎತ್ತರದಲ್ಲಿ ಕೂತ ಮೇಲೆ ನನ್ನ ಮಾತು ಅವರಿಗೆ ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಹೂ ಅರ್ಧಕ್ಕೆ ಇಳಿಯಿತು. ಗಿಡಕ್ಕೂ ದಣಿವಾಗಿರಬೇಕು ಎಂದು ಬಿಟ್ಟೆವು. ಅದರ ಮರುವರ್ಷ ಹೂವೇ ಇಲ್ಲ. ಎಲೆ ಸಣ್ಣದಾಯಿತು, ಹಳದಿಯಾಯಿತು, ಕಾಲವಲ್ಲದ ಕಾಲದಲ್ಲಿ ಉದುರಿತು. ತುದಿಯ ಟೊಂಗೆಗಳು ಒಣಗತೊಡಗಿದವು. ಆಗ ನಾವು ಮಾಡಿದ ಉಪಚಾರ ನೇಕಾರರ ಮನೆಯವರನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ಮಗ್ಗದ ಉದ್ದಕ್ಕೂ ಬಿಗಿಯುವ ಹಾಸಿನ ನೂಲು ಸೊರಗಿದರೆ ಏನು ಮಾಡುತ್ತೇವೆ? ಜೋಳದ ಗಂಜಿ ಕುಡಿಸುತ್ತೇವೆ. ಗಂಜಿ ಕುಡಿದ ಎಳೆ ಗಟ್ಟಿಯಾಗುತ್ತದೆ, ಹರಿಯುವುದಿಲ್ಲ. ನಮ್ಮ ಮನೆಯಲ್ಲಿ ನೂಲಿಗೂ ಗಂಜಿ, ಜ್ವರ ಬಂದವರಿಗೂ ಗಂಜಿ, ಬಾಣಂತಿಗೂ ಗಂಜಿ. ಗಿಡಕ್ಕೂ ಗಂಜಿ ಎಂದು ಮಾವನವರು ಅಪ್ಪಣೆ ಕೊಟ್ಟರು. ದಿನಾ ಬೆಳಿಗ್ಗೆ ಒಂದು ಕೊಡ ಗಂಜಿ ಹೊತ್ತು ಒಯ್ದು, ಆ ಗೇಣು ಜಾಗದಲ್ಲಿ ಹೊಯ್ಯುವ ಕೆಲಸ ನನ್ನದು. ಕುಡಿ ಯಪ್ಪಾ, ಕುಡಿ ಎಂದು ಬುಡ ಸವರಿ ಹೊಯ್ದು ಬರುತ್ತಿದ್ದೆ. ಗಿಡ ಇನ್ನಷ್ಟು ಒಣಗಿತು. ಅದಕ್ಕೆ ನಾವು ಗಂಜಿಯನ್ನು ಇನ್ನಷ್ಟು ದಪ್ಪ ಮಾಡಿದೆವು.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ತೊಡೆಗಾತ್ರದ ಒಣ ಟೊಂಗೆ ಮುರಿದು, ನಾವು ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಚಪ್ಪರದ ಮೇಲೆ ಬಿತ್ತು. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಮಾವನವರು ಒಳಗೆ ಬಂದು ಅತ್ತೆಗೆ ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ಯುಗಾದಿ ತನಕ ನೋಡೂಣು. ಬಡಿಗನಿಗೆ ಹೇಳಿ ಇಟ್ಟೇನಿ, ಚಿಗೀಲಿಲ್ಲಂದ್ರ ಬಂದು ಕಡಕೊಂಡು ಹೋಗಲಿ. ಯಾರದರ ತಲಿ ಮ್ಯಾಲೆ ಬಿದ್ರ ಏನು ಮಾಡೂದು?"

ಇದನ್ನು ಅವರು ಗಿಡದ ಮುಂದೆ ಹೇಳಿರಲಿಲ್ಲ. ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ನಾನು ದನದ ಕೊಟ್ಟಿಗೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹೂವಿಗಾಗಿ ಅಲ್ಲ, ನೆರಳಿಗಾಗಿಯೂ ಅಲ್ಲ. ಗಿಡ ಹೋದರೆ ನಾನು ಮಾವನವರಿಗೆ ಏನನ್ನೂ ಹೇಳುವ ಹಾಗಿಲ್ಲ, ಅವರೂ ನನಗೆ ಹೇಳುವ ಹಾಗಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು, ಸಾಯುವ ತನಕ ಇಬ್ಬರೂ ಮೂಕರಾಗಿ ಬಾಳಬೇಕು. ಆ ಸಿಡುಕು ಮುದುಕರನ್ನು ನಾನು ನನ್ನ ಅಪ್ಪನಷ್ಟೇ ಪ್ರೀತಿಸುತ್ತೇನೆ ಎಂದು ನನಗೆ ಅವತ್ತು ಗೊತ್ತಾಯಿತು.

ನಾಲ್ಕು ದಿನಕ್ಕೊಮ್ಮೆ ಹುನಗುಂದದ ಕಡೆಯಿಂದ ಬಾಗವಾನರ ಅಜ್ಜಿಯೊಬ್ಬಳು ಪೇರಲ ಹಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಅವರ ಮನೆತನದವರು ತಲೆತಲಾಂತರದಿಂದ ತೋಟ ಮಾಡುವವರು. ಹೆಂಗಸರಿರುವ ಹಿತ್ತಿಲೆಂದು ಸೀದಾ ಒಳಗೆ ಬಂದು ಬುಟ್ಟಿ ಇಳಿಸುತ್ತಿದ್ದಳು. ಅವತ್ತು ಮಾವನವರು ಹೊರಗೆ ಹೋಗಿದ್ದರು. ನನ್ನ ಕೆಂಪು ಕಣ್ಣು ನೋಡಿ "ಏನಾತು ಬೇಟಿ?" ಎಂದಳು. ಗಿಡ ತೋರಿಸಿದೆ.

ಅವಳು ಕಟ್ಟೆಯ ಸುತ್ತ ಒಂದು ಸುತ್ತು ಬಂದಳು. ಮೂಸಿ ನೋಡಿದಳು. ಕೈಗೆಟುಕಿದ ಒಂದು ಟೊಂಗೆಯ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದಳು. ಒಳಗೆ ಹಸಿರಿತ್ತು.

"ಜೀವ ಐತಿ ಇನ್ನೂ. ಆದ್ರ ಇದರ ಪಾದ ಎಲ್ಲಿ?"

"ಪಾದ?"

"ಗಿಡದ ಪಾದ ಕಣ್ಣಿಗೆ ಕಾಣಬೇಕು ಬೇಟಿ. ಬುಡ ಅಗಲ ಆಗಿ, ಬೇರು ಬಟ್ಟಿನಂಗ ಹರಡಿ ನೆಲ ಹಿಡದಿರತಾವು. ಇದು ನೋಡು, ಕಂಬ ನೆಟ್ಟಂಗ ಮಣ್ಣಾಗ ಇಳದೈತಿ. ಸೊಂಟದ ತನಕ ಹುಗದಾರ. ತೊಗಟಿ ಒಳಗ ಕೊಳಿಯಾಕ ಹತ್ತೈತಿ, ಬೇರಿಗೆ ಉಸರಾಡಾಕ ಗಾಳಿ ಇಲ್ಲ. ಮ್ಯಾಲೆ ಏನು ಸುರೀತೀರಿ?"

"ಗಂಜಿ" ಎಂದೆ.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಟ್ಟೆ ತೆಗೆಯಬೇಕು, ಪಾದ ಕಾಣುವ ತನಕ ಮಣ್ಣು ಬಿಡಿಸಬೇಕು, ಬೇರೆ ದಾರಿ ಇಲ್ಲ ಎಂದಳು. ಯಾರ ಕಟ್ಟೆ ಅದು!

ಮರುದಿನ ಬಾಗಿಲ ಹಿಂದೆ ನಿಂತು ಅಜ್ಜಿ ಹೇಳಿದ್ದನ್ನೆಲ್ಲ ಗಿಡಕ್ಕೆ ಹೇಳಿದೆ. ಮೆತ್ತಗೆ, ನಯವಾಗಿ, ನನಗೆ ಸಾಧ್ಯವಾದಷ್ಟು ನಯವಾಗಿ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಮಾವನವರು ಅಂಗೈಯಿಂದ ಗಚ್ಚು ತಟ್ಟಿದರು.

"ಹೇಳು ಆಕಿಗೆ, ಈ ಕಟ್ಟಿ ಮೂರು ತಲಿಮಾರು ನಿಂದ್ರತೈತಂತ."

ಎರಡನೆಯ ದಿನವೂ ಹೇಳಿದೆ. "ಹಣ್ಣು ಮಾರಾವ್ರ ಮಾತು ಕೇಳಿ ಮನಿ ಕೆಡವಾಕ ಬರೂದಿಲ್ಲಂತ ಹೇಳು" ಎಂದರು. ಮೂರನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು. ಬಾದಾಮಿಯ ಹೊಂಡದ ದನಿಯೇ ಬಂತು.

"ಗಿಡಾ, ನಾ ಒಂದು ಕೇಳ್ತೇನಿ. ಮಾವಾರು ಕುಣಿಯಾಗ ಕಾಲು ಇಳಿಬಿಟ್ಟು ನೇಯಾಕ ಕೂತಾಗ ಯಾರರ ಬಂದು ಆ ಕುಣಿ ತುಂಬ ಎರಿಮಣ್ಣು ಸುರದು, ತುಳದು, ಮ್ಯಾಲೆ ಗಚ್ಚು ಹಾಕಿದ್ರ ಅವರು ತುಳಿಗಿ ಒತ್ತತಿದ್ರೇನು? ಒಂದು ಗೇಣು ಸೀರಿ ನೇಯತಿದ್ರೇನು? ಮ್ಯಾಲೆ ಬಾಯಾಗ ದಿನಾ ಒಂದು ಕೊಡ ಗಂಜಿ ಸುರದು, ಇನ್ನೂ ಯಾಕ ಗಟ್ಟಿ ಆಗವಲ್ಲಿರಿ ಅಂತ ಕೇಳಿದ್ರ ಹೆಂಗ ಅನಸತಿತ್ತು?"

ಪಡಸಾಲೆಯ ಮಗ್ಗಗಳು ನಿಂತುಬಿಟ್ಟವು. ಅತ್ತೆ ಓಡಿ ಬಂದು ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡರು. "ಬಾಯಿಗೆ ಬಂದಿದ್ದ ಮಾತಾಡ್ತೀಯಲ್ಲ, ನಿನಗ ಏನು ಬಂದೈತಿ?" ಮಾವನವರು ಎದ್ದು ಹೊರಗೆ ಹೋದರು. ಸಂಜೆ ಊಟಕ್ಕೂ ಕೂಡಲಿಲ್ಲ. ಗಿಡ ಉಳಿಸಲು ಹೋಗಿ ಇದ್ದ ಒಂದು ಮಾತಿನ ದಾರಿಯನ್ನೂ ನಾನೇ ಮುಚ್ಚಿಕೊಂಡೆ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದೆ. ಹಿತ್ತಿಲಲ್ಲಿ ಧಡ್ ಎಂದಿತು. ಮತ್ತೊಮ್ಮೆ ಧಡ್. ಹಾಲಿನ ಚೆರಿಗೆ ಹಿಡಿದುಕೊಂಡೇ ಓಡಿದೆ. ಮಾವನವರು ಧೋತರದ ಕಚ್ಚೆ ಬಿಗಿದು, ಹಾರೆಯಿಂದ ಕಟ್ಟೆಯ ಗಚ್ಚು ಒಡೆಯುತ್ತಿದ್ದರು. ನನ್ನವರು ಕೈ ಹಚ್ಚಲು ಹೋದರೆ ಗದರಿಸಿದರು.

"ದೂರ ನಿಂದ್ರು. ಕಟ್ಟಿದಾಂವ ನಾ, ಕೆಡವಾಂವನೂ ನಾ."

ಮೂರು ತಲೆಮಾರು ನಿಲ್ಲುವ ಕಟ್ಟೆಯ ಮೊದಲ ಸಾಲು ಹೊತ್ತು ಏರುವಷ್ಟರಲ್ಲಿ ನೆಲಕ್ಕೆ ಬಂತು. ಆಮೇಲೆ ಮಣ್ಣು ತೆರೆದುಕೊಂಡಿತು, ಮಣ್ಣಿನ ಜೊತೆ ನಾತ. ಏನು ನಾತ ಅಂತೀರಿ! ನಾನು ತಿಂಗಳುಗಟ್ಟಲೆ ಹೊತ್ತು ಹೊಯ್ದ ಗಂಜಿಯೆಲ್ಲ ಆ ಎರೆಮಣ್ಣಿನ ಹೊಟ್ಟೆಯಲ್ಲಿ ಹುಳಿಬಂದು ಕೊಳೆತು ಕೂತಿತ್ತು. ಪಕ್ಕದ ಮನೆಯವರು ಮಾಳಿಗೆ ಏರಿ ಮೂಗು ಮುಚ್ಚಿಕೊಂಡು ನೋಡಿದರು. ಮಾವನವರು ಹಾರೆ ಊರಿ ನಿಂತು, ಗಿಡವನ್ನು ಮೇಲಿಂದ ಕೆಳಗೆ ನೋಡಿ, "ಯಪ್ಪಾ, ಇಷ್ಟು ದಿನಾ ಇದನ್ನ ಕುಡಕೊಂತ ಸುಮ್ಮನ ನಿಂತೀಯಾ?" ಎಂದರು. ನನಗೆ ನಗು ತಡೆಯಲಿಲ್ಲ. ಸೆರಗು ಬಾಯಲ್ಲಿ ತುರುಕಿಕೊಂಡೆ. ಮಾವನವರ ಮೀಸೆಯೂ ಅಲುಗಾಡಿದ್ದನ್ನು ಕಣ್ಣಾರೆ ಕಂಡೆ.

ಅಂದೇ ಬಾಗವಾನರ ಅಜ್ಜಿ ಬರುವ ದಿನ. ಬಂದವಳು ಬುಟ್ಟಿ ಇಳಿಸಿ ಒಂದು ಕಲ್ಲಿನ ಮೇಲೆ ಕೂತಳು, ಪಾದ ಕಾಣುವ ತನಕ ಏಳಲಿಲ್ಲ.

"ಏ ಹಿರ್ಯಾ, ಹಾರಿ ಒಗಿ ಆಕಡೆ. ಬೇರಿಗೆ ಪೆಟ್ಟು ಬಿದ್ದೀತು. ಕೈಯಿಂದ ತಗಿ, ಕಟ್ಟಿಗಿ ಚೂರಿನಿಂದ ಕೆರಿ. ಸಾವಕಾಶ!"

ಯಾರ ಮಾತನ್ನೂ ಕೇಳದ ಮಾವನವರು ಮೊಳಕಾಲೂರಿ ಕೂತು ಕೈಯಿಂದ ಮಣ್ಣು ತೆಗೆದರು. ಅವರ ಎದುರೆದುರೇ ಕೂತು ಮಾತಾಡುವ ಅಜ್ಜಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮಧ್ಯಾಹ್ನದ ಹೊತ್ತಿಗೆ ಪಾದ ಕಂಡಿತು. ಖರೆ ಪಾದವೇ. ಬುಡ ಅಗಲವಾಗಿ, ಬೇರುಗಳು ಬೆರಳಿನ ಹಾಗೆ ಹರಡಿ ಹಳೆಯ ನೆಲವನ್ನು ಹಿಡಿದಿದ್ದವು. ಅದರ ಮೇಲೆ ತೊಗಟೆ ಕಪ್ಪಾಗಿ ಮೆತ್ತಗಾಗಿತ್ತು. ಕಟ್ಟೆಯ ಮಣ್ಣಿನಲ್ಲಿ ಹುಟ್ಟಿದ ಒಂದು ಹೊಸ ಬೇರು ಗಿಡದ ಸುತ್ತಲೇ ಸುತ್ತಿ ಉರುಲಿನ ಹಾಗೆ ಬಿಗಿದಿತ್ತು. ಅಜ್ಜಿ ಕುಡಗೋಲು ಇಸಿದುಕೊಂಡು ಅದನ್ನು ತಾನೇ ಕೊಯ್ದಳು. ನನ್ನವರು ಏಣಿ ಹಾಕಿ ಒಣ ಟೊಂಗೆಗಳನ್ನು ತೆಗೆದರು. ಅತ್ತೆ ಅರಿಶಿಣ ಕುಂಕುಮ ತಂದು ಆ ಪಾದಕ್ಕೆ ಹಚ್ಚಿ ಕೈ ಮುಗಿದರು.

ಹೊರಡುವ ಮುಂದೆ ಅಜ್ಜಿ ಮನೆಮಂದಿಯನ್ನೆಲ್ಲ ನಿಲ್ಲಿಸಿ ಹೇಳಿದಳು. ಬುಡಕ್ಕೆ ಗಾಳಿ ಬಿಸಿಲು ಬೀಳಲಿ. ನೀರು ಬುಡಕ್ಕಲ್ಲ, ಟೊಂಗೆಯ ನೆರಳು ಮುಗಿಯುವ ಕಡೆ ಹಾಕಬೇಕು, ಅದೂ ಎಂಟು ದಿನಕ್ಕೊಮ್ಮೆ. ಅಲ್ಲಿ ಜೋಳದ ಒಣ ಎಲೆಯ ರವದಿ ತೆಳ್ಳಗೆ ಹಾಸಬೇಕು, ತೇವ ಉಳಿಯುತ್ತದೆ. ಗಂಜಿ ಬೇಡ, ಮಜ್ಜಿಗೆ ಬೇಡ, ಏನೂ ಬೇಡ.

"ಮಿರಗದ ಮಳಿ ತನಕ ಕಾಯ್ರಿ. ಸ್ವಲ್ಪ ಪ್ರೀತಿ ಕಡಿಮಿ ಮಾಡ್ರಿ" ಎಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು.

ಪ್ರೀತಿ ಕಡಿಮೆ ಮಾಡುವುದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಒಂದು ಮಧ್ಯಾಹ್ನ ಅತ್ತೆ ಸೆರಗಿನ ಮರೆಯಲ್ಲಿ ಮಜ್ಜಿಗೆ ಚೆರಿಗೆ ಹಿಡಿದು ಹಿತ್ತಿಲಿಗೆ ಹೊರಟಿದ್ದನ್ನು ನಾನು ಹಿಡಿದೆ. "ಬಿಸಲಾಗ ನಿಂತೈತಿ ಪಾಪ" ಎಂದರು. ಆ ಮಜ್ಜಿಗೆ ನಾನೇ ಕುಡಿದೆ. ಕೂಡಲು ಕಟ್ಟೆ ಇಲ್ಲದೆ ಮಾವನವರು ಹಿತ್ತಿಲಿಗೆ ಹಗ್ಗದ ಹೊರಸು ತಂದು ಹಾಕಿಕೊಂಡಿದ್ದರು. ಅಡಿಕೆ ಕತ್ತರಿಸುವುದಕ್ಕಿಂತ ಟೊಂಗೆ ಕೆರೆದು ಹಸಿರು ನೋಡುವುದೇ ಅವರಿಗೆ ದೊಡ್ಡ ಉದ್ಯೋಗವಾಯಿತು. "ಗಂಜಿಯಿಂದ ಸಾಯದ್ದು ನಿಮ್ಮ ಉಗರಿನಿಂದ ಸಾಯತೈತಿ" ಎಂದು ಅತ್ತೆ ಬೈದ ಮೇಲೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತತೊಡಗಿದರು.

ಯುಗಾದಿ ಬಂತು, ಚಿಗುರಿಲ್ಲ. ಮೊದಲೇ ಹೇಳಿಟ್ಟಿದ್ದ ಬಡಿಗ ಬೇವು ಬೆಲ್ಲ ತಿಂದು ಸೀದಾ ಕೊಡಲಿ ಹಿಡಿದು ಬಂದ. ಮಾವನವರು ಅವನನ್ನು ಗಿಡದ ಹತ್ತಿರ ಕರೆದೊಯ್ದು, ಒಂದು ಟೊಂಗೆ ಕೆರೆದು ಹಸಿರು ತೋರಿಸಿದರು.

"ಇದನ್ನ ಕಡದರ ನಿನಗ ಪಾಪ ಬರತೈತಿ. ನನಗ ಈ ಮನಿಯಾಗ ಊಟ ಬರೂದಿಲ್ಲ. ಹೋಗು."

ಬಡಿಗ ನಗುತ್ತ ಹೋದ. ನಾನು ಅವತ್ತು ಮಾವನವರ ತಾಟಿಗೆ ಎರಡು ಹೋಳಿಗೆ ಹೆಚ್ಚು ಕಳಿಸಿದೆ.

ಆ ಬೇಸಿಗೆಯನ್ನು ಹೇಗೆ ಕಳೆದೆವೋ. ಇದ್ದ ನಾಲ್ಕು ಎಲೆಯೂ ಉದುರಿದವು. ಓಣಿಯವರು ಗಿಡದ ಕಡೆ ನೋಡುವುದನ್ನೇ ಬಿಟ್ಟರು. ನಾನು ಮಾತ್ರ ದಿನಾ ಅದರ ಜೊತೆ ಮಾತಾಡಿದೆ, ಮಾವನವರೂ ಆಡಿದರು. ಆದರೆ ಇಬ್ಬರ ದನಿಯೂ ರೋಗಿಯ ಹತ್ತಿರ ಆಡುವ ದನಿಯಾಗಿತ್ತು.

ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕಿತು. ಮೂರು ದಿನ ಒಳ್ಳೆಯ ಮಳೆ. ನಾಲ್ಕನೆಯ ದಿನ ಬಿಸಿಲು ಬಿತ್ತು. ಒದ್ದೆ ಸೀರೆ ಹಿಂಡಿ ಹರವಲು ಹೋದವಳು ಸುಮ್ಮನೆ ತಲೆ ಎತ್ತಿದೆ. ನನ್ನವರು ಒಣ ಟೊಂಗೆ ಕೊಯ್ದಿದ್ದ ಕಡೆ, ಗಾಯದ ಕೆಳಗೆ, ಕಿರುಬೆರಳಿನ ಉಗುರಿನಷ್ಟು ಹಸಿರು. ಅದರ ಪಕ್ಕದಲ್ಲಿ ಇನ್ನೊಂದು. ಮೇಲಿನ ಟೊಂಗೆಯಲ್ಲಿ ಮತ್ತೆ ಮೂರು. ಸೀರೆ ಕೆಸರಿಗೆ ಬಿತ್ತು. ನನಗೆ ಬಾಗಿಲೂ ನೆನಪಾಗಲಿಲ್ಲ, ಸೆರಗೂ ನೆನಪಾಗಲಿಲ್ಲ.

"ಮಾವಾರ! ಓ ಮಾವಾರ! ಲಗೂನ ಬರ್ರಿ, ಚಿಗತೈತಿ! ನಮ್ಮ ಗಿಡ ಚಿಗತೈತ್ರೀ!"

ಮಗ್ಗಗಳು ನಿಂತವು. ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ ಬಂದರು. ಮಾವನವರು ಒಂದು ಕಾಲಿಗೆ ಮೆಟ್ಟು ಹಾಕಿಕೊಂಡು, ಇನ್ನೊಂದು ಬರಿಗಾಲಲ್ಲಿ ಓಡಿ ಬಂದರು. ನಾನು ಅವರ ಎದುರಿಗೇ, ತಲೆಯ ಮೇಲೆ ಸೆರಗಿಲ್ಲದೆ, ಬೆರಳೆತ್ತಿ ಟೊಂಗೆ ತೋರಿಸುತ್ತ ನಿಂತಿದ್ದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದರು. ಎಳೆ ಕಾಣದ ಕಣ್ಣಿಗೆ ಆ ಚಿಗುರು ಕಂಡಿತು. ಆಮೇಲೇ ನನಗೆ ನಾನು ಮಾಡಿದ್ದು ಹೊಳೆದು, ಸೆರಗೆಳೆದುಕೊಂಡು ಬಾಗಿಲ ಹಿಂದೆ ಓಡಿದೆ.

ಮಾವನವರು ಗಿಡದ ಕಡೆ ತಿರುಗಿದರು.

"ಗಿಡಾ, ಆಕಿಗೆ ಹೇಳು. ನನ್ನ ಕಣ್ಣಷ್ಟ ಹೋಗ್ಯಾವು, ಕಿವಿ ಇನ್ನೂ ಚಲೋ ಅದಾವು. ಇಷ್ಟು ಜೋರಾಗಿ ಕೂಗೂದು ಬ್ಯಾಡ ಅಂತ."

ಹಿತ್ತಿಲೆಲ್ಲ ನಗುವಾಯಿತು. ಅತ್ತೆ ನಗುತ್ತ ನಗುತ್ತ ಅಳುತ್ತಿದ್ದರು.

ಮುಂದಿನ ವರ್ಷ ಮಳೆಗಾಲ ಶುರುವಾದಾಗ ಎಲೆ ತುಂಬಿತ್ತು. ಮೊದಲಿನಷ್ಟು ದಟ್ಟವಲ್ಲ. ಮೇಲೊಂದು ಕಡೆ ಬೋಳು ಹಾಗೇ ಉಳಿದಿತ್ತು. ಕೆಡವಿದ ಕಟ್ಟೆಯ ಕೆಂಪು ಕಲ್ಲುಗಳು ಗೋಡೆಯ ಹತ್ತಿರ ಗುಂಪಾಗಿ ಬಿದ್ದಿದ್ದವು. ಮಾವನವರು ಅವುಗಳಲ್ಲಿ ಒಂದನ್ನು ಎಳೆದು ತಂದು, ಗಿಡದಿಂದ ದೂರ, ಬೇರಿಗೆ ಭಾರ ಬೀಳದ ಕಡೆ ನೆಲಕ್ಕೆ ಹಾಕಿಕೊಂಡರು. ಹೊರಸು ಒಳಗೆ ಹೋಯಿತು. ಎತ್ತರದಲ್ಲಿ ಕೂಡುವ ಆಸೆ ತೀರಿತೇನು ಎಂದು ಅತ್ತೆ ಕೆಣಕಿದರು. "ಇಲ್ಲಿಂದ ಅದರ ಪಾದ ಕಾಣತೈತಿ" ಎಂದರು ಅವರು.

ಮೊದಲ ಹೂ ಬಿಟ್ಟ ದಿನ ನಾನು ಎಂದಿನಂತೆ ಬಾಗಿಲ ಹಿಂದೆ ನಿಂತಿದ್ದೆ. ವಾಸನೆ ಅಡಿಗೆ ಮನೆಯ ತನಕ ಬಂದಿತ್ತು. ಹಿತ್ತಿಲಲ್ಲಿ ಕಲ್ಲು ಎಳೆಯುವ ಸಪ್ಪಳ ಕೇಳಿ ಇಣುಕಿದೆ. ಮಾವನವರು ಇನ್ನೊಂದು ಕೆಂಪು ಕಲ್ಲನ್ನು ಉಸಿರು ಕಟ್ಟಿ ಎಳೆದು ತರುತ್ತಿದ್ದರು. ತಂದು ತಮ್ಮ ಕಲ್ಲಿನ ಎದುರಿಗೆ ಹಾಕಿದರು, ನಡುವೆ ಗಿಡ ಬರದ ಹಾಗೆ. ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಒರೆಸಿದರು. ಅತ್ತೆಗಾಗಿ ಇರಬೇಕು ಎಂದುಕೊಂಡೆ.

ಅವರು ಒಂದು ಹೂ ಹಿಡಿದುಕೊಂಡು ಬಾಗಿಲ ತನಕ ನಡೆದು ಬಂದರು. ಇಷ್ಟು ವರ್ಷದಲ್ಲಿ ಎಂದೂ ಬರದಷ್ಟು ಹತ್ತಿರ. ಹೂವನ್ನು ನನ್ನ ಕೈಯಲ್ಲೇ ಇಟ್ಟರು. ಗಿಡದ ಕಡೆ ನೋಡಲಿಲ್ಲ.

"ಬಾ ಯವ್ವಾ, ಕೂಡು. ನಿಂತು ನಿಂತು ನಿನ್ನ ಕಾಲು ಸೋತಾವು."

ಬಾದಾಮಿಯ ಬಂಡೆಯನ್ನು ಮಾತಾಡಿಸಿದವಳು ನಾನು. ಅವತ್ತು ನನಗೆ ಒಂದು ಮಾತೂ ಹೊರಡಲಿಲ್ಲ. ಹೋಗಿ ಕಲ್ಲಿನ ಹತ್ತಿರ ನಿಂತೆ. ಮಾವನವರು ತಮ್ಮ ಕಲ್ಲಿನ ಮೇಲೆ ಕೂತು, ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. ನಾನು ಸಂಪಿಗೆಯ ಕಡೆ ತಿರುಗಿದೆ.

"ಗಿಡಾ, ಮಾವಾರಿಗೆ ಹೇಳು, ಕೂಡ್ತೇನಿ ಅಂತ" ಎಂದೆ. ಹೇಳಿ, ಅವರ ಎದುರಿಗೆ ಕೂತೆ.